ಫ್ಲೆಮಿಂಗೋ ರೋಡ್ ಸುತ್ತಮುತ್ತ

ಹಾಲಿವುಡ್ ಮೆಲೋಡ್ರಾಮಾದ ಮಾತು ಬಂದಾಗ ಇವತ್ತು ಮೊದಲು ಕೇಳಿಬರುವ ಹೆಸರು ಡಗ್ಲಸ್ ಸರ್ಕ್. ಅವರ 'ರಿಟನ್ ಆನ್ ದಿ ವಿಂಡ್' (1956) ಬಗ್ಗೆ ಬರೆದವರು ಅದರ ಬಣ್ಣ, ಕನ್ನಡಿ, ಮೆಟ್ಟಿಲುಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಮೂಲ ಕಾದಂಬರಿಯ ಕರ್ತೃ ರಾಬರ್ಟ್ ವೈಲ್ಡರ್ ಮಾತ್ರ ಅಡಿಟಿಪ್ಪಣಿಗೆ ಸರಿದುಹೋಗಿದ್ದಾರೆ. ಇದೇ ವೈಲ್ಡರ್ 1942ರಲ್ಲಿ 'ಫ್ಲೆಮಿಂಗೋ ರೋಡ್' ಬರೆದರು. 1949ರಲ್ಲಿ ಅದು ಸಿನಿಮಾ ಆದಾಗ ಚಿತ್ರಕಥೆಯೂ ಅವರದೇ. ಆ ಚಿತ್ರವನ್ನು ಜೋನ್ ಕ್ರಾಫರ್ಡ್ ಅಭಿಮಾನಿಗಳ ಪಾಲಿಗೆ ಬಿಟ್ಟು ವಿಮರ್ಶೆ ಮುಂದೆ ನಡೆದುಬಿಟ್ಟಿದೆ.

ಪರಂಪರೆ ಹಳೆಯದು. ಗ್ರಿಫಿತ್‌ರ 'ವೇ ಡೌನ್ ಈಸ್ಟ್' (1920) ಚಿತ್ರದಲ್ಲಿ ಮೋಸಹೋದ ಹುಡುಗಿಯನ್ನು ಹಿಮಗಾಳಿಗೆ ಅಟ್ಟಲಾಗುತ್ತದೆ. 'ಬೇಬಿ ಫೇಸ್' (1933) ಚಿತ್ರದ ಬಾರ್ಬರಾ ಸ್ಟ್ಯಾನ್‌ವಿಕ್ ಬ್ಯಾಂಕೊಂದರಲ್ಲಿ ಗಂಡಸರನ್ನು ಬಳಸಿಕೊಂಡು ಮಹಡಿಯಿಂದ ಮಹಡಿಗೆ ಏರುತ್ತಾಳೆ. ಕತ್ತರಿ ಬೀಳದ ಅದರ ಪ್ರತಿ ಸಿಕ್ಕಿದ್ದು 2004ರಲ್ಲಿ. 1934ರಲ್ಲಿ ಹಾಲಿವುಡ್‌ನ ನೀತಿಸಂಹಿತೆಯಾದ ಪ್ರೊಡಕ್ಷನ್ ಕೋಡ್ ಬಿಗಿಯಾದ ಮೇಲೆ ಮೇಲೇರುವ ಹೆಣ್ಣು ತ್ಯಾಗ ಮಾಡಿಯೇ ತೀರಬೇಕಾಯಿತು. 'ಸ್ಟೆಲ್ಲಾ ಡಲ್ಲಾಸ್' (1937) ಕೊನೆಯಲ್ಲಿ ಅದೇ ಸ್ಟ್ಯಾನ್‌ವಿಕ್ ಮಳೆಯಲ್ಲಿ ಬೀದಿಯಲ್ಲೇ ನಿಂತು, ಕಿಟಕಿಯೊಳಗೆ ನಡೆಯುವ ಮಗಳ ಮದುವೆ ನೋಡುತ್ತಾಳೆ. ರಾಜಕೀಯದ ಕೊಳೆ ಬೇರೆ ಚಿತ್ರಗಳ ಸೊತ್ತಾಗಿತ್ತು: 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್' (1939), 'ದಿ ಗ್ರೇಟ್ ಮೆಗಿಂಟಿ' (1940). ಅವು ಗಂಡಸರ ಕಥೆಗಳು.

ಈ ಎರಡು ದಾರಿಗಳು ಕೂಡಿದ್ದು ವಾರ್ನರ್ ಬ್ರದರ್ಸ್‌ನಲ್ಲಿ, ನಿರ್ಮಾಪಕ ಜೆರಿ ವಾಲ್ಡ್ ಮತ್ತು ನಿರ್ದೇಶಕ ಮೈಕಲ್ ಕರ್ಟಿಜ್ ಜೊತೆಯಾದಾಗ. 1943ರಲ್ಲಿ ಎಂಜಿಎಂ ಬಿಟ್ಟು ಬಂದಿದ್ದ ಕ್ರಾಫರ್ಡ್‌ಗೆ ಇವರ 'ಮಿಲ್ಡ್ರೆಡ್ ಪಿಯರ್ಸ್' (1945) ಆಸ್ಕರ್ ತಂದುಕೊಟ್ಟಿತು. ತಾಯಿ ಕರುಳಿನ ಕಥೆಯೊಳಗೆ ಹೋಟೆಲ್ ವ್ಯಾಪಾರ, ಸಾಲ, ಆಸ್ತಿಯ ಲೆಕ್ಕಾಚಾರವನ್ನು ಅದು ಹೆಣೆದ ಬಗೆಗೆ ಸಾಟಿಯಿಲ್ಲ. ನಾಲ್ಕು ವರ್ಷದ ನಂತರ ಇದೇ ಮೂವರು ಕೌಟುಂಬಿಕ ಜಗಳದಿಂದ ಊರಿನ ಅಧಿಕಾರದ ಕಡೆಗೆ ತಿರುಗಿದರು.

'ಫ್ಲೆಮಿಂಗೋ ರೋಡ್' ಅಂದರೆ ಬೋಲ್ಡನ್ ಸಿಟಿ ಎಂಬ ದಕ್ಷಿಣದ ಪುಟ್ಟ ಊರಿನಲ್ಲಿ ದೊಡ್ಡವರು ವಾಸಿಸುವ ಬೀದಿ. ಕಾರ್ನಿವಲ್ ನರ್ತಕಿ ಲೇನ್ ಬೆಲ್ಲಮಿ (ಕ್ರಾಫರ್ಡ್), ತನ್ನ ತಂಡ ಊರು ಬಿಟ್ಟ ಮೇಲೆ ಅಲ್ಲೇ ಉಳಿದು ಹೋಟೆಲೊಂದರಲ್ಲಿ ಪರಿಚಾರಿಕೆಯಾಗುತ್ತಾಳೆ. ಡೆಪ್ಯುಟಿ ಷೆರಿಫ್ ಫೀಲ್ಡಿಂಗ್ ಕಾರ್ಲೈಲ್ ಅವಳಿಗೆ ಮನಸೋಲುತ್ತಾನೆ. ಅವನನ್ನು ಶಾಸನಸಭೆಗೆ ಕಳಿಸಿ ತನ್ನ ಕೈಗೊಂಬೆ ಮಾಡಿಕೊಳ್ಳಲು ಹೊರಟ ಷೆರಿಫ್ ಟೈಟಸ್ ಸೆಂಪಲ್‌ಗೆ ಈ ನಂಟು ಅಡ್ಡಿ. ಸಿಡ್ನಿ ಗ್ರೀನ್‌ಸ್ಟ್ರೀಟ್‌ರ ಟೈಟಸ್ ಕೂಗಾಡುವ ಖಳನಲ್ಲ. ಹೋಟೆಲಿನ ಜಗಲಿಯಲ್ಲಿ ಕುರ್ಚಿ ತುಂಬ ಕೂತು, ಹಾಲು ಕುಡಿಯುತ್ತ, ಹೋಗಿಬರುವವರನ್ನು ನೋಡುತ್ತಾನೆ. ಅಲ್ಲಿಂದಲೇ ಅವಳ ಕೆಲಸ ಕಳೆಯುತ್ತಾನೆ, ಬೀದಿಯಲ್ಲಿ ಗಿರಾಕಿ ಕರೆದಳೆಂಬ ಸುಳ್ಳು ಕೇಸಿನಲ್ಲಿ ಜೈಲಿಗೂ ಕಳಿಸುತ್ತಾನೆ. ಹೊರಬಂದ ಲೇನ್, ಗುತ್ತಿಗೆದಾರನೂ ರಾಜಕೀಯದ ಕುಳವೂ ಆದ ಡ್ಯಾನ್ ರೆನಾಲ್ಡ್ಸ್‌ನನ್ನು ಮದುವೆಯಾಗಿ ಫ್ಲೆಮಿಂಗೋ ರೋಡಿನ ಬಂಗಲೆ ಸೇರುತ್ತಾಳೆ. ಕೈದಿಗಳ ದುಡಿಮೆಯನ್ನು ಬಳಸಿಕೊಂಡ ಆರೋಪ ಹೊರಿಸಿ ಟೈಟಸ್ ಆ ಡ್ಯಾನ್‌ನನ್ನೂ ಸಿಕ್ಕಿಸುತ್ತಾನೆ. ಅಂದರೆ ಅವಳು ಏರಿದ ಏಣಿ, ಅವಳನ್ನು ಕೆಳಗೆ ತಳ್ಳಿದ ಕೈ ಎರಡೂ ಒಂದೇ ವ್ಯವಸ್ಥೆಯವು. ಸರ್ಕ್‌ರ ಯಾವ ಚಿತ್ರವೂ ಇದನ್ನು ಇಷ್ಟು ನೇರವಾಗಿ ಹೇಳಿಲ್ಲ.

ಲೇನ್ ಒಮ್ಮೆ ಟೈಟಸ್‌ನ ಎದುರಿಗೇ ನಿಂತು, ತನ್ನ ಕಾರ್ನಿವಲ್‌ನಲ್ಲಿ ಮುನಿದ ಆನೆಯೊಂದನ್ನು ಗುಂಡಿಟ್ಟು ಕೊಲ್ಲಬೇಕಾಗಿ ಬಂದದ್ದನ್ನೂ ಸತ್ತ ಆನೆಯನ್ನು ಸಾಗಹಾಕುವ ಕಷ್ಟವನ್ನೂ ಹೇಳುತ್ತಾಳೆ. ಕ್ರಾಫರ್ಡ್ ಇಲ್ಲಿ ದನಿ ಏರಿಸುವುದಿಲ್ಲ. ಇದನ್ನು ನಗೆಪಾಟಲಿನ ಸಾಲಾಗಿ ಉದ್ಧರಿಸುವವರು, ಆ ದೈತ್ಯ ದೇಹದ ಮುಂದೆ ಜೈಲು ಕಂಡುಬಂದ ಹೆಂಗಸು ಹಾಕುವ ಬೆದರಿಕೆಯ ತೂಕವನ್ನು ಗಮನಿಸಿಲ್ಲ.

ಅದೇ 1949ರಲ್ಲಿ ಬಂದ 'ಆಲ್ ದಿ ಕಿಂಗ್ಸ್ ಮೆನ್' ಶ್ರೇಷ್ಠ ಚಿತ್ರದ ಆಸ್ಕರ್ ಪಡೆದು ರಾಜಕೀಯ ಸಿನಿಮಾದ ಮಾದರಿ ಎನಿಸಿಕೊಂಡಿತು. ಭ್ರಷ್ಟಾಚಾರವನ್ನು ಅದರ ಪೆಟ್ಟು ತಿಂದವಳ ಕಡೆಯಿಂದ ತೋರಿಸಿದ ಚಿತ್ರಕ್ಕೆ ಹೆಂಗಸರ ಸಿನಿಮಾ ಎಂಬ ಹಣೆಪಟ್ಟಿ ಬಿತ್ತು.

ಮುಂದಿನದು ಬೇಗ ಹೇಳಿ ಮುಗಿಸುವಂಥದ್ದು. ವಾಲ್ಡ್ ಫಾಕ್ಸ್‌ಗೆ ಹೋಗಿ 'ಪೇಟನ್ ಪ್ಲೇಸ್' (1957) ತೆಗೆದರು. 1964ರಿಂದ 1969ರವರೆಗೆ ಅದೇ ಕಥೆ ಟಿವಿಯಲ್ಲಿ ಓಡಿತು. 1980ರ ದಶಕದ ಆರಂಭದಲ್ಲಿ 'ಫ್ಲೆಮಿಂಗೋ ರೋಡ್' ಕೂಡ ಎನ್‌ಬಿಸಿಯಲ್ಲಿ ಧಾರಾವಾಹಿಯಾಯಿತು. 'ಡಲ್ಲಾಸ್' ಯಶಸ್ಸಿನ ಬೆನ್ನು ಹಿಡಿದು ಬಂದ ಅದರಲ್ಲಿ ಸೊಬಗಿತ್ತು, ಸಿಟ್ಟಿರಲಿಲ್ಲ.

ವಿಮರ್ಶೆಯ ದಿಕ್ಕು ತಿರುಗಿದ್ದು 1970ರ ದಶಕದಲ್ಲಿ. ಜಾನ್ ಹ್ಯಾಲಿಡೇ ನಡೆಸಿದ ಸರ್ಕ್ ಸಂದರ್ಶನಗಳ ಪುಸ್ತಕ 1971ರಲ್ಲಿ ಬಂತು, ಕೌಟುಂಬಿಕ ಮೆಲೋಡ್ರಾಮಾ ಕುರಿತ ಥಾಮಸ್ ಎಲ್ಸೆಸರ್ ಪ್ರಬಂಧ 1972ರಲ್ಲಿ. ಎರಡೂ ದೊಡ್ಡ ಕೆಲಸಗಳು. ಆದರೆ ಅವುಗಳ ಹಿಂದೆ ಬಂದವರು ಮನೆಯ ಹಜಾರದಲ್ಲೇ ಕೂತುಬಿಟ್ಟರು. ಷೆರಿಫ್ ಕಚೇರಿ, ಟೆಂಡರು, ಚುನಾವಣಾ ಚೀಟಿ ಅವರ ಕಣ್ಣಿಗೆ ಬೀಳಲಿಲ್ಲ. ಸ್ಟುಡಿಯೋ ಹೇಳಿದ್ದನ್ನೆಲ್ಲ ಮಾಡುವ ಕಸುಬುದಾರ ಎಂದು ಕರ್ಟಿಜ್‌ರನ್ನು ಬದಿಗಿಟ್ಟದ್ದೂ ಇದಕ್ಕೆ ಕಾರಣ.

'ಫ್ಲೆಮಿಂಗೋ ರೋಡ್' ದೋಷವಿಲ್ಲದ ಚಿತ್ರವೇನಲ್ಲ. ಅಮೆರಿಕದ ದಕ್ಷಿಣದಲ್ಲಿ ನಡೆಯುವ ಚುನಾವಣೆಯ ಕಥೆಯಲ್ಲಿ ಕರಿಯರ ಮತದ ಪ್ರಶ್ನೆಯೇ ಏಳುವುದಿಲ್ಲ. ಸರ್ಕ್ ಹತ್ತು ವರ್ಷದ ನಂತರ 'ಇಮಿಟೇಷನ್ ಆಫ್ ಲೈಫ್' (1959) ಚಿತ್ರದಲ್ಲಿ ವರ್ಣದ ವಿಷಯ ಕೈಗೆತ್ತಿಕೊಂಡರು, ಆದರೆ ಅಲ್ಲಿ ಮತಪೆಟ್ಟಿಗೆ ಇಲ್ಲ. ವೈಲ್ಡರ್ ಕಥೆಗಳಿಂದ ಬಂದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, 'ರಿಟನ್ ಆನ್ ದಿ ವಿಂಡ್'ನ ಹ್ಯಾಡ್ಲಿ ಮನೆತನದ ತೈಲದ ಹಣವನ್ನೂ ಟೈಟಸ್‌ನ ಜಗಲಿಯನ್ನೂ ಒಟ್ಟಿಗೆ ಓದುವ ಕೆಲಸ ಇಲ್ಲಿಂದ ಶುರುವಾಗಬೇಕು.