ಜ್ವರ ಬಿಟ್ಟರೂ ಮಗುವಿನ ಹಾರ್ಟ್‌ಗೆ ಎಕೋ ಯಾಕೆ? ಎಷ್ಟು ಸಲ ಮಾಡಿಸಬೇಕು? ಪೋಷಕರು ತಿಳಿಯಬೇಕಾದ ಮಾಹಿತಿ ಇಲ್ಲಿದೆ

ಮಾಚೇನಹಳ್ಳಿ: ಮಗುವಿಗೆ ಜ್ವರ ಬಿಟ್ಟಿದೆ, ಊಟ ಮಾಡ್ತಿದೆ, ಆಟ ಆಡ್ತಿದೆ. ಆದರೂ ಡಾಕ್ಟರ್ ಚೀಟಿಯಲ್ಲಿ ‘ಮತ್ತೊಮ್ಮೆ ಎಕೋ ಮಾಡಿಸಿ’ ಅಂತ ಬರೆದಿರುತ್ತಾರೆ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ ಮಾಡುವವರು, ಅಂಗಡಿ ಬಾಗಿಲು ಹಾಕಿ ಹೋಗಬೇಕಾದವರು ‘ಮಗು ಚೆನ್ನಾಗೇ ಇದೆಯಲ್ಲ’ ಅಂತ ಸುಮ್ಮನಾಗುವುದು ಸಹಜ. ಆದರೆ ಕೆಲವು ಕಾಯಿಲೆಗಳಲ್ಲಿ ಅಪಾಯ ಕಾಣಿಸಿಕೊಳ್ಳುವುದೇ ಜ್ವರ ಬಿಟ್ಟ ಮೇಲೆ.

ಯಾವ ಕಾಯಿಲೆ?

ಮುಖ್ಯವಾಗಿ ಎರಡು. ಒಂದು ಕವಾಸಾಕಿ ಕಾಯಿಲೆ. ಜಪಾನಿನ ಮಕ್ಕಳ ವೈದ್ಯ ಟೊಮಿಸಾಕು ಕವಾಸಾಕಿ 1961ರಲ್ಲಿ ಮೊದಲ ರೋಗಿಯನ್ನು ನೋಡಿ, 1967ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿದರು. ಹೆಚ್ಚಾಗಿ 5 ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ.

ಇನ್ನೊಂದು ಎಂಐಎಸ್‌-ಸಿ. ಕೋವಿಡ್ ತಗುಲಿದ 2ರಿಂದ 6 ವಾರದ ನಂತರ ಮಕ್ಕಳ ಮೈಯೆಲ್ಲಾ ಉರಿಯೂತ ಆಗುವ ಸ್ಥಿತಿ ಇದು. 2020ರಲ್ಲಿ ಮೊದಲು ಗುರುತಿಸಲಾಯಿತು. 2021ರ ಎರಡನೇ ಅಲೆ ನಂತರ ಕರ್ನಾಟಕದಲ್ಲೂ ಪ್ರಕರಣಗಳು ಕಂಡವು. ಈಗ ತೀರಾ ಕಡಿಮೆ.

ಲಕ್ಷಣಗಳೇನು?

ಕವಾಸಾಕಿಯಲ್ಲಿ 5 ದಿನ ಅಥವಾ ಅದಕ್ಕಿಂತ ಹೆಚ್ಚು ಜೋರು ಜ್ವರ ಇರುತ್ತದೆ. ಪಿಸುರು ಇಲ್ಲದೆ ಎರಡೂ ಕಣ್ಣು ಕೆಂಪಾಗುವುದು, ತುಟಿ ಒಡೆಯುವುದು, ನಾಲಿಗೆ ಸ್ಟ್ರಾಬೆರಿ ಹಣ್ಣಿನಂತೆ ಕೆಂಪಾಗುವುದು, ಮೈಮೇಲೆ ದದ್ದು, ಕೈಕಾಲು ಊತ, ಕುತ್ತಿಗೆಯಲ್ಲಿ ಗಂಟು ಮುಖ್ಯ ಲಕ್ಷಣಗಳು. ಎಲ್ಲವೂ ಒಟ್ಟಿಗೇ ಕಾಣಬೇಕು ಅಂತಿಲ್ಲ. ಎರಡನೇ, ಮೂರನೇ ವಾರದಲ್ಲಿ ಬೆರಳ ತುದಿಯ ಚರ್ಮ ಸುಲಿಯುತ್ತದೆ. ದಡಾರ, ಅಲರ್ಜಿ ಅಂದುಕೊಂಡು ಮೆಡಿಕಲ್ ಶಾಪ್ ಸಿರಪ್‌ನಲ್ಲೇ ದಿನ ಕಳೆದರೆ ಸಮಯ ಕೈತಪ್ಪುತ್ತದೆ.

ಹೃದಯಕ್ಕೆ ಏನಾಗುತ್ತೆ?

ಹೃದಯಕ್ಕೆ ರಕ್ತ ಕೊಡುವ ಕೊರೊನರಿ ರಕ್ತನಾಳದ ಗೋಡೆ ಉರಿಯೂತದಿಂದ ಸಡಿಲವಾಗಿ ಬಲೂನಿನಂತೆ ಉಬ್ಬಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಚಿಕ್ಕ ಮಗುವಿಗೂ ಹಾರ್ಟ್ ಅಟ್ಯಾಕ್ ಆಗುವ ಸಾಧ್ಯತೆ ಇದೆ. ಚಿಕಿತ್ಸೆ ಸಿಗದಿದ್ದರೆ ಸುಮಾರು 4ರಲ್ಲಿ ಒಂದು ಮಗುವಿಗೆ ರಕ್ತನಾಳದ ತೊಂದರೆ ಆಗುತ್ತದೆ. ಜ್ವರ ಶುರುವಾದ 10 ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಕೊಟ್ಟರೆ ಈ ಪ್ರಮಾಣ ಶೇ.4ರ ಆಸುಪಾಸಿಗೆ ಇಳಿಯುತ್ತದೆ. ಎಂಐಎಸ್‌-ಸಿಯಲ್ಲಿ ಹೃದಯದ ಸ್ನಾಯು ದುರ್ಬಲ ಆಗುವುದು ಹೆಚ್ಚು. ಬಹುತೇಕ ಮಕ್ಕಳಲ್ಲಿ ಇದು ಸರಿಹೋಗುತ್ತದೆ.

ಎಕೋ ಎಷ್ಟು ಸಲ?

ಸಾಮಾನ್ಯವಾಗಿ ಮೂರು ಸಲ. ಕಾಯಿಲೆ ಪತ್ತೆಯಾದಾಗ ಒಂದು, ಚಿಕಿತ್ಸೆ ಆದ 1–2 ವಾರಕ್ಕೆ ಇನ್ನೊಂದು, 4–6 ವಾರಕ್ಕೆ ಮತ್ತೊಂದು. ಮೊದಲ ಎಕೋ ನಾರ್ಮಲ್ ಬಂತು ಅಂತ ಬಿಡುವ ಹಾಗಿಲ್ಲ. ರಕ್ತನಾಳ ಉಬ್ಬುವುದು ನಂತರದ ವಾರಗಳಲ್ಲೂ ಆಗಬಹುದು. ಮೂರೂ ನಾರ್ಮಲ್ ಇದ್ದರೆ ಹೆಚ್ಚಿನ ಮಕ್ಕಳಿಗೆ ಪದೇ ಪದೇ ಎಕೋ ಬೇಕಾಗುವುದಿಲ್ಲ. ಉಬ್ಬು ಕಂಡವರಿಗೆ ಮಾತ್ರ ವರ್ಷಗಟ್ಟಲೆ ಫಾಲೋಅಪ್ ಬೇಕು. ಕೆಲವರಿಗೆ ಸಿಟಿ ಆಂಜಿಯೋ ಕೂಡ ಹೇಳುತ್ತಾರೆ.

ಎಕೋ ಅಂದರೆ ಸ್ಕ್ಯಾನಿಂಗ್‌ ಥರಾನೇ. ಎದೆಗೆ ಜೆಲ್ ಹಚ್ಚಿ ನೋಡುತ್ತಾರೆ. ಎಕ್ಸ್‌ರೇಯ ವಿಕಿರಣ ಇಲ್ಲ, ನೋವಿಲ್ಲ. ಮಗು ಅಲುಗಾಡದೆ ಮಲಗಬೇಕು ಅಷ್ಟೇ. ತೀರಾ ಅಳುವ ಮಕ್ಕಳಿಗೆ ನಿದ್ದೆ ಔಷಧ ಕೊಡುವುದುಂಟು. ಮಕ್ಕಳ ರಕ್ತನಾಳದ ಅಳತೆಯನ್ನು ಮೈಗಾತ್ರಕ್ಕೆ ಹೋಲಿಸಿ ‘ಝಡ್ ಸ್ಕೋರ್’ ಬರೆಯುತ್ತಾರೆ. 2ಕ್ಕಿಂತ ಕಡಿಮೆ ಇದ್ದರೆ ನಾರ್ಮಲ್, 2.5 ದಾಟಿದರೆ ಉಬ್ಬು ಅಂತ ಲೆಕ್ಕ.

ಪೋಷಕರು ಮರೆಯಬಾರದ್ದು

* ಆಸ್ಪಿರಿನ್ ಮಾತ್ರೆಯನ್ನು ಡಾಕ್ಟರ್ ಹೇಳುವವರೆಗೆ ನಿಲ್ಲಿಸಬೇಡಿ. ಆ ಸಮಯದಲ್ಲಿ ಮನೆಯಲ್ಲಿ, ಶಾಲೆಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಅಥವಾ ಫ್ಲೂ ಬಂದರೆ ತಕ್ಷಣ ಡಾಕ್ಟರ್‌ಗೆ ತಿಳಿಸಿ.
* ಕೇಳದೆ ಐಬುಪ್ರೊಫೇನ್ ಸಿರಪ್ ಹಾಕಬೇಡಿ. ಅದು ಆಸ್ಪಿರಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ.
* ಇಮ್ಯುನೊಗ್ಲಾಬ್ಯುಲಿನ್ ಕೊಟ್ಟಿದ್ದರೆ ದಡಾರ-ರುಬೆಲ್ಲಾ, ಚಿಕನ್‌ಪಾಕ್ಸ್ ಲಸಿಕೆಯನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ. ಆಶಾ ಕಾರ್ಯಕರ್ತೆಗೆ ಡಿಸ್ಚಾರ್ಜ್ ಸಮರಿ ತೋರಿಸಿ.
* ಎಂಐಎಸ್‌-ಸಿ ಆದ ಮಕ್ಕಳನ್ನು 3ರಿಂದ 6 ತಿಂಗಳು ಕಬಡ್ಡಿ, ಓಟದ ಸ್ಪರ್ಧೆಗೆ ಕಳಿಸಬೇಡಿ. ಡಾಕ್ಟರ್ ಓಕೆ ಅಂದ ಮೇಲಷ್ಟೇ ಆಟ. ಪಿಟಿ ಮೇಷ್ಟ್ರಿಗೂ ತಿಳಿಸಿ.
* ಎದೆನೋವು, ಉಸಿರಾಟದ ತೊಂದರೆ, ತಲೆಸುತ್ತಿ ಬೀಳುವುದು, ಹಸುಗೂಸಾದರೆ ಮೈ ಬಿಳಚಿಕೊಂಡು ವಿಪರೀತ ಅಳು ಕಂಡರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಖರ್ಚಿನ ಚಿಂತೆ ಇದ್ದರೆ?

ಕಾರ್ಖಾನೆ ನೌಕರರು ಇಎಸ್‌ಐ ಕಾರ್ಡ್, ಉಳಿದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಜೊತೆಗಿಟ್ಟುಕೊಂಡು, ಎಕೋಗೆ ಅನ್ವಯ ಆಗುತ್ತಾ ಅಂತ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ. ಅಂಗನವಾಡಿ, ಸರ್ಕಾರಿ ಶಾಲೆ ಮಕ್ಕಳಾದರೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೂ ಹೇಳಬಹುದು. ಮಾಚೇನಹಳ್ಳಿಯಿಂದ ಒಂದು ಕಡೆ ಶಿವಮೊಗ್ಗ, ಇನ್ನೊಂದು ಕಡೆ ಭದ್ರಾವತಿ. ಯಾವ ಕಡೆ ಹೋದರೂ ಹಳೇ ಎಕೋ ರಿಪೋರ್ಟ್‌ಗಳನ್ನು ಒಂದೇ ಫೈಲ್‌ನಲ್ಲಿ ಒಯ್ಯಿರಿ. ಹಳೇ ಅಳತೆ ಇದ್ದರೆ ತಾನೇ ಹೊಸದನ್ನು ಹೋಲಿಸಿ ನೋಡೋಕೆ ಆಗೋದು.