ಒಂದೇ ಹೆಸರಿನಲ್ಲಿ ನಾಲ್ಕು ಕಾಳಿಂಗ

ಗಳಗನಾಥದಲ್ಲಿ ಕಾಳಿಂಗ ಸರ್ಪ ಇಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಹಾವೇರಿ, ಬ್ಯಾಡಗಿ ಕಡೆಯಿಂದ "ಸರ್, ನಮ್ಮ ಹೊಲದಾಗೂ ಕಾಳಿಂಗ ಬಂದೈತಿ" ಅಂತ ವಿಡಿಯೊ ಬರ್ತಾನೇ ಇರುತ್ತೆ. ನೋಡಿದ್ರೆ ಬಹುತೇಕ ಕೇರೆಹಾವು. ಪಾಪ, ಇಲಿ ತಿನ್ನೋಕೆ ಬಂದಿರುತ್ತೆ.

ಆದರೆ ಗಳಗೇಶ್ವರನ ಗುಡಿಯ ಪಕ್ಕದಲ್ಲಿ ವರದೆಯನ್ನು ಕೂಡಿಸಿಕೊಂಡು ಹರಿಯುವ ತುಂಗಭದ್ರೆ ಇದೆಯಲ್ಲ, ಆ ನೀರಿನಲ್ಲಿ ಒಂದು ಪಾಲು ಆಗುಂಬೆ ಸೀಮೆಯ ಮಳೆಯದು. ಆ ಮಳೆಕಾಡಿನ ಹಾವಿಗೆ 2024ರ ಅಕ್ಟೋಬರ್‌ನಲ್ಲಿ ವಿಜ್ಞಾನ ಲೋಕ ಒಂದು ಹೊಸ ಹೆಸರು ಕೊಟ್ಟಿತು. ಒಫಿಯೊಫೇಗಸ್ ಕಾಳಿಂಗ. ಹೌದು, ನಮ್ಮ ಕನ್ನಡದ ಕಾಳಿಂಗವೇ. ಟಿವಿಗೆ ಇದು ಎರಡು ನಿಮಿಷದ ಸುದ್ದಿ. ಅದರ ಹಿಂದೆ ಇರೋದು 188 ವರ್ಷದ ಕಥೆ.

1836. ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ ಡೆನ್ಮಾರ್ಕಿನ ವೈದ್ಯ ಥಿಯೊಡೋರ್ ಕ್ಯಾಂಟರ್ ಬಂಗಾಳದ ಕಡೆಯ ಒಂದು ದೈತ್ಯ ಹಾವನ್ನು ವಿವರಿಸಿ 'ಹಮಾಡ್ರಿಯಾಸ್ ಹನ್ನಾ' ಎಂದು ಹೆಸರಿಟ್ಟ. ಮರುವರ್ಷ ಶ್ಲೇಗೆಲ್ ಎಂಬ ವಿಜ್ಞಾನಿ ಜಾವಾದ ಹಾವಿಗೆ 'ಬಂಗಾರಸ್' ಎಂದು ಬೇರೆಯೇ ಹೆಸರು ಕೊಟ್ಟ. ಇನ್ನೊಂದು ತಮಾಷೆ ಕೇಳಿ. ಹಮಾಡ್ರಿಯಾಸ್ ಅನ್ನೋ ಹೆಸರು ಅದಕ್ಕೂ ಮೊದಲೇ ಒಂದು ಚಿಟ್ಟೆಗೆ ಹೋಗಿಬಿಟ್ಟಿತ್ತು! 1864ರಲ್ಲಿ ಗುಂಥರ್ 'ಒಫಿಯೊಫೇಗಸ್' ಅಂದ, ಅಂದರೆ ಹಾವು ತಿನ್ನುವುದು. ಕೊನೆಗೆ ಉಳಿದದ್ದು ಒಫಿಯೊಫೇಗಸ್ ಹನ್ನಾ. ಆಗುಂಬೆಯಿಂದ ಫಿಲಿಪ್ಪೀನ್ಸ್‌ವರೆಗೆ, ನಡುವೆ ಅಷ್ಟು ಸಮುದ್ರ, ಅಷ್ಟು ದ್ವೀಪ, ಅಷ್ಟು ಬೆಟ್ಟ. ಎಲ್ಲದಕ್ಕೂ ಒಂದೇ ಹೆಸರು.

ಯಾರಿಗೂ ಅನುಮಾನ ಬರಲಿಲ್ವಾ? ಬಂದಿತ್ತು. ಆದರೆ ಅನುಮಾನ ಬೇರೆ, ಸಾಬೀತು ಬೇರೆ. ಈ ಹಾವಿನ ಮರಿಗೆ ಒಂದು ಬಣ್ಣ, ದೊಡ್ಡದಾದ ಮೇಲೆ ಇನ್ನೊಂದು. ಮ್ಯೂಸಿಯಂನ ಬಾಟಲಿಯಲ್ಲಿ ಇಟ್ಟರೆ ಇದ್ದ ಬಣ್ಣವೂ ಮಾಸುತ್ತೆ. ಹನ್ನೆರಡು ಅಡಿಯ ಪ್ರಾಣಿಯನ್ನು ಹತ್ತಾರು ಕಾಡಿಂದ ಹಿಡಿದು ತಂದು ಅಕ್ಕಪಕ್ಕ ಇಟ್ಟು ನೋಡೋದು ಹುಡುಗಾಟ ಅಲ್ಲ.

ಆಗುಂಬೆಗೆ ಬರೋಣ. ರೊಮುಲಸ್ ವಿಟೇಕರ್ ಅಲ್ಲಿ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದರು. ಅಲ್ಲಿ ಕೆಲಸ ಮಾಡಿದವರು ಪಿ. ಗೌರಿಶಂಕರ್, ಮುಂದೆ ಕಾಳಿಂಗ ಫೌಂಡೇಶನ್ ಕಟ್ಟಿದವರು. ಅದೇ 2005ರಲ್ಲಿ ಅವರಿಗೆ ಕಾಳಿಂಗ ಕಚ್ಚಿತು. ಆಗ ಸಿಗುತ್ತಿದ್ದ ಮದ್ದು ಥಾಯ್ಲೆಂಡಿನದು, ಅಲ್ಲಿನ ಹಾವಿನ ವಿಷದಿಂದ ತಯಾರಾದದ್ದು. ಅದು ನಿರೀಕ್ಷಿಸಿದಂತೆ ಕೆಲಸ ಮಾಡಲಿಲ್ಲ. ಮನುಷ್ಯ ಬದುಕಿಕೊಂಡರು. ಪ್ರಶ್ನೆಯೂ ಅವರ ಜೊತೆ ಉಳೀತು: ಎರಡೂ ಒಂದೇ ಹಾವಾದರೆ ಮದ್ದು ಯಾಕೆ ಕೈಕೊಟ್ಟಿತು?

2021ರಲ್ಲಿ ಅವರ ತಂಡ ಡಿಎನ್‌ಎ ಆಧಾರದ ಮೇಲೆ ನಾಲ್ಕು ಬೇರೆ ಬೇರೆ ವಂಶಾವಳಿ ಇದೆ ಅಂತ ತೋರಿಸಿತು. ಅಷ್ಟಕ್ಕೇ ಹೆಸರು ಸಿಗಲ್ಲ. ಇಂದ್ರನೀಲ್ ದಾಸ್ ಮುಂತಾದವರ ಜೊತೆ ಮ್ಯೂಸಿಯಂಗಳ 153 ಮಾದರಿಗಳನ್ನು ನೋಡಿ, ಪಟ್ಟಿ ಎಣಿಸಿ, 2024ರಲ್ಲಿ ತೀರ್ಪು ಕೊಟ್ಟರು. ಉತ್ತರದ್ದು ಹನ್ನಾ. ಜಾವಾ, ಸುಮಾತ್ರಾ ಕಡೆಯದು ಬಂಗಾರಸ್, ಶ್ಲೇಗೆಲ್ ಇಟ್ಟ ಹಳೇ ಹೆಸರು ಮತ್ತೆ ಎದ್ದು ಬಂತು. ಫಿಲಿಪ್ಪೀನ್ಸ್‌ನ ಲುಜಾನ್ ದ್ವೀಪದ್ದು ಸಲ್ವತಾನಾ. ನಮ್ಮ ಪಶ್ಚಿಮಘಟ್ಟದ್ದು ಕಾಳಿಂಗ. ಮೈಮೇಲೆ 40ಕ್ಕಿಂತ ಕಡಿಮೆ ತಿಳಿಪಟ್ಟಿ, ಪಟ್ಟಿಗೆ ಕಪ್ಪು ಅಂಚಿಲ್ಲ.

"ನಮ್ಮ ಹಿರಿಯರಿಗೆ ಇದು ಮೊದಲೇ ಗೊತ್ತಿತ್ತು" ಅಂತ ಈಗ ವಾಟ್ಸಾಪ್‌ನಲ್ಲಿ ಓಡ್ತಿದೆ. ಅರ್ಧ ನಿಜ. ಮಲೆನಾಡಿಗರಿಗೆ ಆ ಹಾವು ಗೊತ್ತಿತ್ತು, ಅದಕ್ಕೊಂದು ಹೆಸರಿತ್ತು, ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟುತ್ತೆ ಅನ್ನೋದೂ ಗೊತ್ತಿತ್ತು. ಲುಜಾನ್‌ನ ಹಾವು ಇದಲ್ಲ ಅಂತ ಗೊತ್ತಾಗೋಕೆ ಲುಜಾನ್‌ನ ಹಾವನ್ನು ನೋಡಿರಬೇಕಲ್ಲ ಸ್ವಾಮಿ?

ಸರಿ, ಹೊಲದಲ್ಲಿ ಮೆಣಸಿನಕಾಯಿ ಬಿಡಿಸೋ ಹೆಣ್ಣುಮಗಳಿಗೆ ಇದರಿಂದ ಏನಾಗಬೇಕು? ನಾನು ಎಂಜಿನಿಯರಿಂಗ್ ಓದಿದವನು, ನನ್ನ ಭಾಷೆಯಲ್ಲೇ ಹೇಳ್ತೀನಿ. ಪ್ರತಿವಿಷ ಅನ್ನೋದು ಕೀಲಿಕೈ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳಿಂದ ಮಾಡ್ತಾರೆ. ಯಾವ ಬೀಗ ತೋರಿಸಿದಿರೋ ಅದಕ್ಕೆ ತಕ್ಕ ಕೀಲಿ. ನಮ್ಮ ಆಸ್ಪತ್ರೆಗಳಲ್ಲಿ ಇರೋ ಕೀಲಿ ನಾಲ್ಕು ಹಾವಿನದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಅದಕ್ಕೆ ಬೇಕಾದ ವಿಷ ಬಹುಪಾಲು ಬರೋದು ತಮಿಳುನಾಡಿನಲ್ಲಿ 1978ರಲ್ಲಿ ಶುರುವಾದ ಇರುಳರ ಸಹಕಾರ ಸಂಘದಿಂದ. ಅಲ್ಲಿನ ಕೊಳಕುಮಂಡಲದ ವಿಷ ಬೇರೆ ರಾಜ್ಯದ್ದಕ್ಕೆ ಪೂರ್ತಿ ಹೊಂದಲ್ಲ, ಮದ್ದಿನ ಬಲ ಕುಗ್ಗುತ್ತೆ ಅಂತ ಬೆಂಗಳೂರಿನ ಐಐಎಸ್‌ಸಿಯ ಕಾರ್ತಿಕ್ ಸುನಗರ್ ತಂಡ ಪ್ರಯೋಗ ಮಾಡಿ ತೋರಿಸಿದೆ. ಅಲ್ಲಿ ಹಾವಿನ ಹೆಸರೂ ಒಂದೇ! ಇನ್ನು ಮಲೆನಾಡಿನ ತೋಟಗಳಲ್ಲಿ ಕಚ್ಚುವ ಗೂನುಮೂಗಿನ ಗುಳಿಮಂಡಲಕ್ಕೆ ಈ ನಾಲ್ಕರ ಮದ್ದು ನಾಟೋದೇ ಇಲ್ಲ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು. ಬಹುತೇಕ ಹಳ್ಳಿಯವರು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ರಾಣೆಬೆನ್ನೂರಾಗಲಿ ಬ್ಯಾಡಗಿಯಾಗಲಿ, ಆಸ್ಪತ್ರೆಗೆ ಬಂದ ಪ್ರತಿ ಕಡಿತವೂ ಈಗ ಲೆಕ್ಕಕ್ಕೆ ಸಿಗಬೇಕು. ಆಗುಂಬೆಯ ಕಾಳಿಂಗಕ್ಕೆ ಹೆಸರೇನೋ ಸಿಕ್ಕಿತು. ಅದರ ವಿಷದಿಂದಲೇ ತಯಾರಾದ ಮದ್ದು ನಮ್ಮ ಆಸ್ಪತ್ರೆಗಳ ಫ್ರಿಜ್‌ಗೆ ಇನ್ನೂ ಬಂದಿಲ್ಲ.