ಒಣಸೂಜಿ ಚಿಕಿತ್ಸೆಯ ಪೂರ್ವೋತ್ತರ

ಬಹುಕಾಲದಿಂದ ಬಿಡದೆ ಕಾಡುವ ಸ್ನಾಯುನೋವು ನರನೋವುಗಳಿಗೆ ಭೌತಚಿಕಿತ್ಸಕರು ಇಂದು ಕೈಗೊಳ್ಳುವ ಉಪಾಯಗಳಲ್ಲಿ ಒಣಸೂಜಿ ಚಿಕಿತ್ಸೆಯೂ ಒಂದು. ಆಂಗ್ಲಭಾಷೆಯಲ್ಲಿ ಇದನ್ನು ಡ್ರೈ ನೀಡ್ಲಿಂಗ್ ಎನ್ನುತ್ತಾರೆ. ಟೊಳ್ಳಿಲ್ಲದ, ಬಹು ತೆಳುವಾದ ಉಕ್ಕಿನ ಸೂಜಿಯನ್ನು, ಸ್ನಾಯುವಿನಲ್ಲಿ ಗಂಟುಕಟ್ಟಿದಂತೆ ಬೆರಳಿಗೆ ಸಿಕ್ಕುವ ನೋವಿನ ಎಡೆಗೆ ಚುಚ್ಚಿ, ಸ್ವಲ್ಪ ಮೇಲೆ ಕೆಳಗೆ ಆಡಿಸಿ, ಹೊರತೆಗೆಯುವುದೇ ಇದರ ಕ್ರಮ. ಸೂಜಿಯ ಮೂಲಕ ಔಷಧವನ್ನೇನೂ ಒಳಕ್ಕೆ ಬಿಡುವುದಿಲ್ಲ. ಆದುದರಿಂದಲೇ ಅದು ‘ಒಣ’ ಸೂಜಿ.

ಈ ‘ಒಣ’ ಎಂಬ ಮಾತಿಗೆ ಕನ್ನಡದಲ್ಲಿ ತೇವವಿಲ್ಲದ್ದು ಎಂಬ ಅರ್ಥದೊಡನೆ ಹುರುಳಿಲ್ಲದ್ದು ಎಂಬ ಅರ್ಥವೂ ಉಂಟು. ಒಣಜಂಭ, ಒಣವೇದಾಂತ ಎಂಬ ಬಳಕೆಗಳನ್ನು ನೆನೆಯಬಹುದು. ಔಷಧವಿಲ್ಲದ ಬರಿಯ ಚುಚ್ಚು ರೋಗವನ್ನು ಕಳೆಯುವುದು ಹೇಗೆ ಎಂಬ ಸಂದೇಹವನ್ನು ಈ ಹೆಸರು ತಾನೇ ಎತ್ತುವಂತಿದೆ. ಈ ಚಿಕಿತ್ಸೆಯ ಚರಿತ್ರೆಯೂ ಬಹುಮಟ್ಟಿಗೆ ಆ ಸಂದೇಹದ ಚರಿತ್ರೆಯೇ ಆಗಿದೆ.

ಇದರ ಉಗಮದ ವಿಷಯವಾಗಿ ಎರಡು ಕಥನಗಳು ಪ್ರಚಾರದಲ್ಲಿವೆ. ಇದು ಚೀನಾದೇಶದ ಪ್ರಾಚೀನ ಸೂಜಿವೈದ್ಯವೇ, ಹೆಸರು ಮಾತ್ರ ಬದಲಾಗಿದೆ ಎಂಬುದು ಒಂದು. ಇದು ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕೆಯಲ್ಲಿ ಹುಟ್ಟಿದ ಹೊಸ ಶೋಧ ಎಂಬುದು ಇನ್ನೊಂದು. ಎರಡನ್ನೂ ಒಪ್ಪುವುದು ನಮಗೆ ಕಷ್ಟವಾಗಿದೆ. ಸುಶ್ರುತನು ಹೇಳುವ ಎಂಟು ಬಗೆಯ ಶಸ್ತ್ರಕರ್ಮಗಳಲ್ಲಿ ಬರುವ ‘ವೇಧ್ಯ’ವನ್ನು ಇದಕ್ಕೆ ಮೂಲವೆಂದು ಹೇಳಬಯಸುವವರೂ ನಮ್ಮಲ್ಲಿ ಇರಬಹುದು. ಆದರೆ ಅಲ್ಲಿ ಚುಚ್ಚುವುದು ರಕ್ತವನ್ನೋ ದ್ರವವನ್ನೋ ಹೊರಕ್ಕೆ ಬಿಡುವುದಕ್ಕಾಗಿ. ಇಲ್ಲಿ ಹೊರಕ್ಕೆ ಬರುವುದೂ ಇಲ್ಲ, ಒಳಕ್ಕೆ ಹೋಗುವುದೂ ಇಲ್ಲ.

ಯೂರೋಪಿಗೆ ಸೂಜಿವೈದ್ಯದ ವಾರ್ತೆಯನ್ನು ವಿಸ್ತಾರವಾಗಿ ತಂದವನು ವಿಲ್ಲೆಮ್ ಟೆನ್ ರೈನೆ ಎಂಬ ಡಚ್ಚರ ವೈದ್ಯ. ಈತನು 1674ರಿಂದ 1676ರವರೆಗೆ ಜಪಾನಿನ ಡೆಜಿಮಾ ದ್ವೀಪದ ಡಚ್ ಕೋಠಿಯಲ್ಲಿದ್ದು, ಅಲ್ಲಿ ಕಂಡುದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದು 1683ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಆ ಬಳಿಕ ನೂರಕ್ಕೂ ಮಿಕ್ಕ ವರ್ಷ ಅದು ಕುತೂಹಲದ ವಿಷಯವಾಗಿಯೇ ಉಳಿಯಿತು. 1810ರಲ್ಲಿ ಫ್ರಾನ್ಸಿನಲ್ಲಿ ಇದನ್ನು ಪ್ರಯೋಗಿಸಿ ನೋಡಿದ ಲೂಯಿ ಬರ್ಲಿಯೋಜನು ಪ್ರಸಿದ್ಧ ಸಂಗೀತಕಾರ ಹೆಕ್ಟರ್ ಬರ್ಲಿಯೋಜನ ತಂದೆ ಎಂಬುದು ಪ್ರಾಸಂಗಿಕವಾದ ಸಂಗತಿ. 1821ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಮಾರ್ಸ್ ಚರ್ಚಿಲನು ಈ ವಿಷಯವಾಗಿ ಒಂದು ಚಿಕ್ಕ ಗ್ರಂಥವನ್ನು ಹೊರತಂದನು. ಈತನ ಕೈಯಲ್ಲಿ ಪದ್ಧತಿಯು ಬೇರೆ ರೂಪವನ್ನು ತಾಳಿತೆಂಬುದು ಗಮನಾರ್ಹ. ಚೀನೀಯರ ನಾಡೀಮಾರ್ಗಗಳನ್ನಾಗಲಿ ತತ್ತ್ವಗಳನ್ನಾಗಲಿ ಆತನು ಲೆಕ್ಕಿಸಲಿಲ್ಲ. ಎಲ್ಲಿ ನೋವೋ ಅಲ್ಲಿಗೇ ಸೂಜಿ.

ಇದೇ ಜಾಡಿನಲ್ಲಿ ಬಂದವನು ಸರ್ ವಿಲಿಯಂ ಆಸ್ಲರ್. ಆತನ ವೈದ್ಯಗ್ರಂಥವು 1892ರಲ್ಲಿ ಮೊದಲು ಅಚ್ಚಾಗಿ, ಆಂಗ್ಲಭಾಷೆಯ ವೈದ್ಯವಿದ್ಯಾರ್ಥಿಗಳಿಗೆಲ್ಲ ಪಠ್ಯವಾಗಿತ್ತು. ತೀವ್ರವಾದ ಸೊಂಟನೋವಿಗೆ ಸೂಜಿ ಚುಚ್ಚುವುದೇ ಅತ್ಯಂತ ಫಲಕಾರಿಯೆಂದೂ, ಮೂರು ನಾಲ್ಕು ಅಂಗುಲದ ಸೂಜಿಗಳನ್ನು, ಟೋಪಿಗೆ ಚುಚ್ಚುವ ಸಾಮಾನ್ಯ ಸೂಜಿಗಳಾದರೂ ಸರಿಯೆ, ಶುದ್ಧಮಾಡಿ ನೋವಿರುವ ಸ್ನಾಯುವಿಗೆ ಇಳಿಸಿ ಐದು ಹತ್ತು ನಿಮಿಷ ಬಿಡಬೇಕೆಂದೂ ಆತನು ವಿಧಿಸುತ್ತಾನೆ. ಹೆಸರೊಂದನ್ನು ಬಿಟ್ಟರೆ ಇದು ಒಣಸೂಜಿಯಲ್ಲದೆ ಮತ್ತೇನು? ಆದರೆ ಸ್ವಾನುಭವವು ಆಸ್ಲರನಿಗೆ ಎಲ್ಲ ಸಲವೂ ಅನುಕೂಲವಾಗಿರಲಿಲ್ಲ. ಮಾಂಟ್ರಿಯಲಿನಲ್ಲಿದ್ದಾಗ ಪೀಟರ್ ರೆಡ್‌ಪಾತ್ ಎಂಬ ಶ್ರೀಮಂತನಿಗೆ ಹೀಗೆ ಚುಚ್ಚಿದಾಗ, ಆ ಮುದುಕನು ಒಂದೊಂದು ಚುಚ್ಚಿಗೂ ಒಂದೊಂದು ಬೈಗುಳವನ್ನು ಉದುರಿಸಿ, ನೋವು ಕಳೆಯದೆ ಕುಂಟುತ್ತಲೇ ಎದ್ದುಹೋದನಂತೆ. ವಾಸಿಯಾಗಿದ್ದರೆ ಮೆಕ್‌ಗಿಲ್ ವಿಶ್ವವಿದ್ಯಾನಿಲಯಕ್ಕೆ ದೊಡ್ಡ ದೇಣಿಗೆ ದೊರೆಯುತ್ತಿತ್ತೆಂದು ಆಸ್ಲರನು ಪೇಚಾಡಿದುದನ್ನು ಅವನ ಜೀವನಚರಿತ್ರೆಯಲ್ಲಿ ಹಾರ್ವೆ ಕುಷಿಂಗನು ಬರೆದಿದ್ದಾನೆ.

ಪಠ್ಯಗ್ರಂಥದಲ್ಲಿಯೇ ಇದ್ದ ಈ ಉಪಾಯವು ಮುಂದಿನ ಪೀಳಿಗೆಗೆ ಮರೆತುಹೋದುದೇಕೆ? ಟೊಳ್ಳು ಸೂಜಿಯೇ ಅದಕ್ಕೆ ಕಾರಣವೆಂದು ನಮಗೆ ತೋರುತ್ತದೆ. ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಎಂಬ ವೈದ್ಯನು 1853ರಿಂದ ಪಿಚಕಾರಿಗೆ ಟೊಳ್ಳು ಸೂಜಿಯನ್ನು ಜೋಡಿಸಿ, ನರಶೂಲೆಯಿಂದ ನರಳುವವರಿಗೆ ನೋವಿನ ಬಿಂದುವಿನಲ್ಲಿಯೇ ಅಫೀಮಿನ ಸತ್ತ್ವವನ್ನು ಹೊಗಿಸತೊಡಗಿದನು. 1855ರಲ್ಲಿ ಅದನ್ನು ಪ್ರಕಟಿಸಿದನು. ಇಂದು ಎಲ್ಲ ಬಗೆಯ ಚುಚ್ಚುಮದ್ದಿಗೂ ಬಳಕೆಯಾಗುವ ಈ ಸಾಧನವು ತನ್ನ ಬಾಲ್ಯದಲ್ಲಿ ನರನೋವಿನ ಸ್ಥಾನಿಕ ಚಿಕಿತ್ಸೆಗಾಗಿ ಬಳಕೆಯಾದುದೆಂಬುದನ್ನು ಬಹುಮಂದಿ ಅರಿಯರು. ನೋವಿನ ಎಡೆಗೇ ಚುಚ್ಚಬೇಕೆಂಬುದು ವುಡ್ಡನ ನಂಬಿಕೆ. ಕೆಲವೇ ವರ್ಷಗಳಲ್ಲಿ ಲಂಡನ್ನಿನ ಚಾರ್ಲ್ಸ್ ಹಂಟರನು, ದೂರದ ಬೇರೊಂದು ಕಡೆ ಚುಚ್ಚಿದರೂ ನೋವು ಶಮನವಾಗುವುದೆಂದು ತೋರಿಸಿ, ಗುಣವು ಔಷಧದ್ದು, ಸ್ಥಳದ್ದಲ್ಲ ಎಂದು ವಾದಿಸಿದನು. ಅಫೀಮಿನ ಮಟ್ಟಿಗೆ ಹಂಟರನ ಮಾತೇ ನಿಂತಿತು. ಆದರೆ ಸ್ಥಳ, ಔಷಧ, ಸೂಜಿ ಈ ಮೂರರಲ್ಲಿ ಗುಣವು ಯಾವುದರದು ಎಂಬ ಪ್ರಶ್ನೆಯು ಆ ವಾದದಲ್ಲಿ ಪೂರ್ತಿಯಾಗಿ ತೀರಲಿಲ್ಲ. ಸೂಜಿಯು ತಾನೇ ಏನನ್ನಾದರೂ ಮಾಡುತ್ತಿರಬಹುದೆಂದು ಕೇಳಿದವರು ವಿರಳ.

1905ರ ಸುಮಾರಿಗೆ ನೊವೊಕೇನ್, ಎಂದರೆ ಪ್ರೊಕೇನ್ ಎಂಬ ಸ್ಥಾನಿಕ ಅರಿವಳಿಕೆಯ ಮದ್ದು ಬಳಕೆಗೆ ಬಂದಿತು. ಅದನ್ನು ಸ್ನಾಯುನೋವಿನ ವಿಚಾರದಲ್ಲಿ ಶಾಸ್ತ್ರೀಯವಾಗಿ ಉಪಯೋಗಿಸಿದವರಲ್ಲಿ ಜೆ. ಎಚ್. ಕೆಲ್‌ಗ್ರೆನ್ನನ ಹೆಸರು ಮುಖ್ಯ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಆಸ್ಪತ್ರೆಯಲ್ಲಿ ಸರ್ ಥಾಮಸ್ ಲೂಯಿಸನ ಬಳಿ ಕೆಲಸಮಾಡುತ್ತಿದ್ದ ಈ ತರುಣನು ಆರೋಗ್ಯವಂತರ ಸ್ನಾಯುಗಳಿಗೆ ಗಾಢವಾದ ಉಪ್ಪುನೀರನ್ನು ಚುಚ್ಚಿ ನೋವನ್ನು ಹುಟ್ಟಿಸಿ, ಅದು ಚುಚ್ಚಿದ ಸ್ಥಳದಿಂದ ದೂರಕ್ಕೆ ಹರಡುವುದನ್ನು ನಕ್ಷೆಯಲ್ಲಿ ಗುರುತಿಸಿ 1938ರಲ್ಲಿ ಪ್ರಕಟಿಸಿದನು. ರೋಗಿಯು ತೋರಿಸುವ ನೋವಿನ ಜಾಗ ಒಂದು, ನೋವಿನ ಮೂಲ ಇನ್ನೊಂದು ಇರಬಹುದೆಂಬುದು ಇದರಿಂದ ಸ್ಥಿರಪಟ್ಟಿತು. ಆ ಮೂಲವನ್ನು ಹುಡುಕಿ ಪ್ರೊಕೇನನ್ನು ಹೊಗಿಸಿದರೆ ದೂರದ ನೋವೂ ಇಳಿಯುತ್ತಿತ್ತು.

ನ್ಯೂಯಾರ್ಕಿನ ವೈದ್ಯೆ ಜಾನೆಟ್ ಟ್ರಾವೆಲ್ ತನ್ನ ಸಹೋದ್ಯೋಗಿಗಳೊಡನೆ 1942ರಲ್ಲಿ ಭುಜ ಮತ್ತು ತೋಳಿನ ನೋವಿಗೆ ಪ್ರೊಕೇನ್ ಚಿಕಿತ್ಸೆಯನ್ನು ವರ್ಣಿಸಿದಳು. ಇಂಥ ಮೂಲಸ್ಥಾನಕ್ಕೆ ಟ್ರಿಗರ್ ಪಾಯಿಂಟ್ ಎಂಬ ಹೆಸರು ರೂಢಿಯಾದುದು ಮುಖ್ಯವಾಗಿ ಈಕೆಯಿಂದ. ಬಂದೂಕಿನ ಕುದುರೆಯನ್ನು ಇಲ್ಲಿ ಒತ್ತಿದರೆ ಗುಂಡು ಅಲ್ಲಿ ತಗಲುತ್ತದೆ ಎಂಬುದು ಆ ಹೆಸರಿನ ಭಾವ. ನಾವು ಪ್ರಚೋದಕ ಬಿಂದು ಎನ್ನೋಣ. 1955ರಲ್ಲಿ ಬೆನ್ನುನೋವಿನಿಂದ ಬಳಲುತ್ತಿದ್ದ ಸೆನೆಟರ್ ಜಾನ್ ಕೆನೆಡಿ ಈಕೆಯ ರೋಗಿಯಾದನು. 1961ರಲ್ಲಿ ಆತನು ಅಧ್ಯಕ್ಷನಾದಾಗ ಈಕೆ ಅಧ್ಯಕ್ಷರ ವೈದ್ಯೆಯಾದಳು. ಆ ಪದವಿಗೆ ಬಂದ ಮೊದಲ ಮಹಿಳೆ ಈಕೆಯೇ. ಡೇವಿಡ್ ಸೈಮನ್ಸನೊಡನೆ ಈಕೆ ರಚಿಸಿದ ಬೃಹದ್ಗ್ರಂಥದ ಮೊದಲ ಸಂಪುಟವು 1983ರಲ್ಲಿ ಹೊರಬಂದಿತು.

ಒಣಸೂಜಿಯು ಈ ಔಷಧಮಾರ್ಗದ ನಡುವಿನಿಂದಲೇ, ಯಾರೂ ಉದ್ದೇಶಿಸದೆ, ಎದ್ದುಬಂದಿತು. ಮದ್ದಿನ ಗುಣವನ್ನು ತೂಗಲು ಮದ್ದಿಲ್ಲದ ಚುಚ್ಚನ್ನು ಎದುರಿಗಿಟ್ಟು ನೋಡಬೇಕಷ್ಟೆ. ಹಾಗೆ ನೋಡಿದಾಗ ತೂಕದ ಕಲ್ಲೇ ಸರಕಾಗಿ ಕಂಡಿತು. 1941ರಲ್ಲಿ ಬ್ರಾವ್ ಮತ್ತು ಸಿಗ್ಮಂಡ್ ಎಂಬಿಬ್ಬರು ಸೊಂಟನೋವಿನಲ್ಲಿ ಏನನ್ನೂ ಹೊಗಿಸದೆ ಬರಿಯ ಸೂಜಿಯಿಂದಲೂ ಉಪಶಮನವಾಗುವುದೆಂದು ಹೇಳಿದರು. 1947ರಲ್ಲಿ ಜೆ. ಡಿ. ಪಾಲೆಟ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸೊಂಟನೋವನ್ನು ಕುರಿತು ಬರೆದ ಲೇಖನವನ್ನು ‘ಡ್ರೈ ನೀಡ್ಲಿಂಗ್’ ಎಂಬ ಪದದ ಮೊದಲ ಮುದ್ರಿತ ಪ್ರಯೋಗವೆಂದು ಗಣಿಸಲಾಗಿದೆ. 1955ರಲ್ಲಿ ಸೋಲಾ ಮತ್ತು ಕೈಟರ್ಟ್ ಕುತ್ತಿಗೆ ಭುಜಗಳ ನೋವಿನ 100 ರೋಗಿಗಳಿಗೆ ಬರಿಯ ಲವಣಜಲವನ್ನು ಕೊಟ್ಟ ವರದಿಯನ್ನು ಪ್ರಕಟಿಸಿದರು. 1980ರಲ್ಲಿ ಡೆನ್ಮಾರ್ಕಿನ ಫ್ರಾಸ್ಟ್ ಮತ್ತು ಸಂಗಡಿಗರು, ಕೊಟ್ಟವರಿಗೂ ಪಡೆದವರಿಗೂ ತಿಳಿಯದಂತೆ ಅರಿವಳಿಕೆಯ ಮದ್ದನ್ನೂ ಲವಣಜಲವನ್ನೂ ಹೋಲಿಸಿದಾಗ, ಉಪಶಮನದ ಒಲವು ಲವಣಜಲದ ಕಡೆಗೇ ಇತ್ತು. ಔಷಧವಿದ್ದರೆ ಸ್ಥಳ ಬೇಡವೆಂದು ಹಂಟರನು ತೋರಿಸಿದ್ದನು. ಸ್ಥಳ ಸರಿಯಾಗಿದ್ದರೆ ಔಷಧ ಬೇಡವೆಂದು ಇವರ ಪ್ರಯೋಗಗಳು ಹೇಳುವಂತಿದ್ದವು.

ಈ ಚದುರಿದ ಅನುಭವಗಳನ್ನು ಒಟ್ಟುಗೂಡಿಸಿ ಲೆಕ್ಕಕ್ಕೆ ತಂದವನು ಪ್ರಾಗ್ ನಗರದ ನರವೈದ್ಯ ಕಾರೆಲ್ ಲೆವಿಟ್. ಆತನು 1979ರಲ್ಲಿ ಪ್ರಕಟಿಸಿದ ಲೇಖನವು ಈ ಚರಿತ್ರೆಯ ಕೀಲುಕಲ್ಲು. ಅದರಲ್ಲಿ 241 ರೋಗಿಗಳ 312 ನೋವಿನ ಎಡೆಗಳ ವಿವರವಿದೆ. ಸೂಜಿಯ ಮೊನೆಯು ಅತ್ಯಂತ ನೋಯುವ ಬಿಂದುವನ್ನು ಮುಟ್ಟಿದಾಗ ಶೇಕಡ 86.8ರಷ್ಟು ಸಂದರ್ಭಗಳಲ್ಲಿ ನೋವು ಕೂಡಲೆ ಇಳಿಯಿತು. ಚರ್ಮಕ್ಕೆ ಮರವು ಬರಲಿಲ್ಲ. ಬಳಿಕವೂ ಗಮನಿಸಲಾದ 288 ಎಡೆಗಳಲ್ಲಿ 92ರಲ್ಲಿ ಶಾಶ್ವತವಾಗಿ, 58ರಲ್ಲಿ ಕೆಲವು ತಿಂಗಳು, 63ರಲ್ಲಿ ಕೆಲವು ವಾರ, 32ರಲ್ಲಿ ಕೆಲವು ದಿನ ಗುಣ ನಿಂತಿತು. ಮೊದಲ ಸಂಖ್ಯೆಯನ್ನು ಮಾತ್ರ ಎತ್ತಿ ಹೇಳುವ ಪ್ರಚಾರಕರು ಎರಡನೆಯ ಪಟ್ಟಿಯನ್ನು ಬಿಡುವುದುಂಟು. ಶಾಶ್ವತ ಗುಣವು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಇನ್ನೂ ಒಂದು ದೌರ್ಬಲ್ಯವೆಂದರೆ ಇಲ್ಲಿ ಹೋಲಿಕೆಗೆ ಬೇರೊಂದು ಗುಂಪೇ ಇರಲಿಲ್ಲ.

ಆ ಕೊರತೆಯನ್ನು ಮರುವರ್ಷವೇ ತುಂಬಲು ಯತ್ನಿಸಿದವನು ಕೆನಡಾದ ವ್ಯಾಂಕೂವರಿನ ಚಾನ್ ಗನ್. ಕೆಲಸದಲ್ಲಿ ಬೆನ್ನಿಗೆ ಪೆಟ್ಟಾಗಿ ಸಾಮಾನ್ಯ ಚಿಕಿತ್ಸೆಗೆ ಬಗ್ಗದಿದ್ದ ಕಾರ್ಮಿಕರು ಆತನ ರೋಗಿಗಳು. 56 ಮಂದಿ ಗಂಡಸರಲ್ಲಿ 29 ಮಂದಿಗೆ ಸೂಜಿಚಿಕಿತ್ಸೆ ಸೇರಿತು, 27 ಮಂದಿಗೆ ಇಲ್ಲ. ಸುಮಾರು 27 ವಾರಗಳ ಬಳಿಕ ನೋಡಿದಾಗ ಮೊದಲ ಗುಂಪಿನಲ್ಲಿ 18 ಮಂದಿ ತಮ್ಮ ಹಳೆಯ ಕೆಲಸಕ್ಕೋ ಅಂಥದೇ ಕೆಲಸಕ್ಕೋ, 10 ಮಂದಿ ಹಗುರ ಕೆಲಸಕ್ಕೆ ಮರಳಿದ್ದರು. ಎರಡನೆಯ ಗುಂಪಿನಲ್ಲಿ 4 ಮಂದಿ ಹಳೆಯ ಕೆಲಸಕ್ಕೆ, 14 ಮಂದಿ ಹಗುರ ಕೆಲಸಕ್ಕೆ ಹೋಗಿದ್ದರು. 9 ಮಂದಿ ಇನ್ನೂ ಅಶಕ್ತರಾಗಿದ್ದರು. ನೋವನ್ನು ಅಳೆಯುವ ಕೋಲು ಯಾವುದೂ ಇಲ್ಲದಿರುವಾಗ, ಕೂಲಿಗೆ ಹೋದರೋ ಇಲ್ಲವೋ ಎಂಬ ಈ ಅಳತೆಯು ಎಲ್ಲಕ್ಕಿಂತ ಪ್ರಾಮಾಣಿಕವೆಂದು ನಮ್ಮ ಅಭಿಪ್ರಾಯ. ಎಲುಬಿನಲ್ಲಿ ಕಾಣದ ನೋವನ್ನು ಸೋಮಾರಿಯ ನೆಪವೆಂದು ತಳ್ಳಿಹಾಕುವುದು ಸುಲಭ. ಅಂಥವರ ಮಾತಿಗೆ ಗನ್ನನ ಲೆಕ್ಕವು ಸಾಕ್ಷಿ ನುಡಿಯಿತು.

ಗನ್ನನು ಪ್ರಶ್ನೆಯನ್ನು ಸ್ನಾಯುವಿನಿಂದ ನರಕ್ಕೆ ತಿರುಗಿಸಿದುದೂ ಮುಖ್ಯ. ನರದ ಸಂಪರ್ಕ ಕೆಟ್ಟ ಅಂಗವು ಅತಿಸಂವೇದಿಯಾಗುವುದೆಂದು ವಾಲ್ಟರ್ ಕ್ಯಾನನ್ ಮತ್ತು ರೋಸನ್‌ಬ್ಲೂತ್ 1949ರಲ್ಲಿ ನಿರೂಪಿಸಿದ್ದರು. ಬೆನ್ನೆಲುಬಿನ ಬಳಿ ನರದ ಬುಡವು ಸ್ವಲ್ಪ ಕೆಟ್ಟರೂ ಅದರ ಆಳ್ವಿಕೆಯಲ್ಲಿರುವ ಸ್ನಾಯು ಕುಗ್ಗಿ ನೋಯುತ್ತದೆ. ಬಿಂದುವು ಕಾರಣವಲ್ಲ, ಕಾರ್ಯ ಎಂಬುದು ಗನ್ನನ ವಾದ. ಟ್ರಾವೆಲ್ಲಳ ಪಂಥಕ್ಕೂ ಇವನ ಪಂಥಕ್ಕೂ ಇರುವ ಈ ಭೇದವು ಇಂದಿಗೂ ಬಗೆಹರಿದಿಲ್ಲ. ಪ್ರಚೋದಕ ಬಿಂದುವೆಂಬ ಕಲ್ಪನೆಯೇ ನಿರಾಧಾರವೆಂದು 2015ರಲ್ಲಿ ಕ್ವಿಂಟ್ನರ್, ಬೋವ್ ಮತ್ತು ಕೊಹೆನ್ ಬರೆದರು.

ಇನ್ನು ಚೀನಾದ ಸೂಜಿವೈದ್ಯದೊಡನೆ ಇರುವ ಸಂಬಂಧದ ವಿಷಯ. 1977ರಲ್ಲಿ ಮೆಲ್ಜ್ಯಾಕ್ ಮತ್ತು ಸಂಗಡಿಗರು ಪ್ರಚೋದಕ ಬಿಂದುಗಳಿಗೂ ಅಕ್ಯುಪಂಕ್ಚರ್ ಬಿಂದುಗಳಿಗೂ ಶೇಕಡ 71ರಷ್ಟು ಹೊಂದಾಣಿಕೆಯಿದೆ ಎಂದರು. ಆ ಲೆಕ್ಕದ ಕ್ರಮವೇ ಸರಿಯಲ್ಲವೆಂದು 2003ರಲ್ಲಿ ಸ್ಟೀಫನ್ ಬರ್ಚ್ ಆಕ್ಷೇಪಿಸಿದನು. ವಿದ್ವತ್ತಿನ ಈ ಚರ್ಚೆ ಅಮೆರಿಕೆಯಲ್ಲಿ ವೃತ್ತಿಯ ವ್ಯಾಜ್ಯವಾಗಿ ನ್ಯಾಯಾಲಯವನ್ನೇರಿ, 2018ರಲ್ಲಿ ಉತ್ತರ ಕ್ಯಾರೊಲೈನದ ಸರ್ವೋಚ್ಚ ನ್ಯಾಯಾಲಯವು ಒಣಸೂಜಿಯು ಭೌತಚಿಕಿತ್ಸಕರ ಕಾರ್ಯವ್ಯಾಪ್ತಿಗೆ ಸೇರುವುದೆಂಬ ನಿಲುವನ್ನು ಎತ್ತಿಹಿಡಿಯಿತು.

ಅಪಾಯವಿಲ್ಲವೆ ಎಂದು ಕೇಳುವವರಿಗೆ ಐರ್ಲೆಂಡಿನ ಒಂದು ಸಮೀಕ್ಷೆ ಉತ್ತರ ಕೊಡಬಲ್ಲುದು. 2014ರಲ್ಲಿ ಪ್ರಕಟವಾದ ಅದರಲ್ಲಿ 39 ಮಂದಿ ಭೌತಚಿಕಿತ್ಸಕರು ನಡೆಸಿದ 7629 ಚಿಕಿತ್ಸೆಗಳಲ್ಲಿ 1463 ಸಣ್ಣಪುಟ್ಟ ತೊಂದರೆಗಳು, ಮುಖ್ಯವಾಗಿ ಕಂದು, ರಕ್ತ, ನೋವು, ದಾಖಲಾದವು. ಗುರುತರವಾದುದು ಒಂದೂ ಇರಲಿಲ್ಲ. ಆದರೂ ಎದೆ ಮತ್ತು ಭುಜದ ಮೇಲ್ಭಾಗದಲ್ಲಿ ಸೂಜಿ ಆಳಕ್ಕಿಳಿದರೆ ಶ್ವಾಸಕೋಶದ ಪೊರೆ ತೂತಾಗುವ ಭಯ ಉಂಟು.

ಉಳಿದಿರುವುದು ಮೊದಲಿನ ಸಂದೇಹ. 2001ರಲ್ಲಿ ಕಮಿಂಗ್ಸ್ ಮತ್ತು ವೈಟ್ 23 ಪ್ರಯೋಗಗಳನ್ನು ಪರಾಮರ್ಶಿಸಿ, ಒದ್ದೆ ಸೂಜಿಗೂ ಒಣ ಸೂಜಿಗೂ ಫಲದಲ್ಲಿ ವ್ಯತ್ಯಾಸವಿಲ್ಲವೆಂದೂ, ಆದರೆ ಅದು ಹುಸಿಮದ್ದಿಗಿಂತ ಮಿಗಿಲೆಂಬುದು ಸಿದ್ಧವಾಗಿಲ್ಲ, ಸುಳ್ಳೂ ಆಗಿಲ್ಲವೆಂದೂ ತೀರ್ಮಾನಿಸಿದರು. ಹುಸಿಮದ್ದೆಂದು ಬಳಸುತ್ತಿದ್ದುದೇ ಮದ್ದಾಗಿ ನಿಂತ ಮೇಲೆ ಅದಕ್ಕೆ ಹುಸಿ ಯಾವುದು? 1998ರಲ್ಲಿ ಹೈಡಲ್‌ಬರ್ಗಿನ ಸ್ಟ್ರೈಟ್‌ಬರ್ಗರನು ನಾಟಕದ ಕಠಾರಿಯಂತೆ ಚರ್ಮವನ್ನು ಮುಟ್ಟಿದೊಡನೆ ತನ್ನ ಹಿಡಿಯೊಳಕ್ಕೆ ಸರಿಯುವ ಮೊಂಡು ಸೂಜಿಯೊಂದನ್ನು ರಚಿಸಿದನು. ಅಕ್ಯುಪಂಕ್ಚರಿನ ಪರೀಕ್ಷೆಗೆ ಅದು ಒದಗಿಬಂದಿದೆ. ಒಣಸೂಜಿಯಲ್ಲಾದರೋ ಸೂಜಿ ತಾಗಿದ ಸ್ನಾಯು ಥಟ್ಟನೆ ಮಿಡುಕಬೇಕು. ಆ ಮಿಡುಕು ಬಂದರೇ ಗುಣವೆಂದು 1994ರಲ್ಲಿ ಹಾಂಗ್ ಎಂಬ ವೈದ್ಯನು ಹೇಳಿದನು. ಆ ಮಿಡುಕನ್ನು ಒಮ್ಮೆ ಅನುಭವಿಸಿದ ರೋಗಿಗೆ ಮೊಂಡು ಸೂಜಿಯನ್ನು ನಿಜವೆಂದು ನಂಬಿಸುವುದು ಸುಲಭವಲ್ಲ.